ಗೊಬ್ಬೂರಿನ ಹೊಸ ಮನೆಗೆ ಮೊದಲು ಹೋದ ತೊಗರಿ

ಎರಡು ವರ್ಷದ ಹಿಂದಿನ ಮಳೆಗಾಲದ ಮಾತು. ಜೇವರ್ಗಿಯಲ್ಲಿ ನಮ್ಮದೊಂದು ಸಣ್ಣ ದಾಲ್ ಮಿಲ್ ಇದೆ. ಮಿಲ್ಲನ್ನು ನಮ್ಮ ಯಜಮಾನರು ನೋಡಿಕೊಳ್ಳುತ್ತಾರೆ. ಕಾಗದಪತ್ರ, ಬ್ಯಾಂಕು, ಫೋನು ನನ್ನ ಪಾಲಿಗೆ. ಊರ ತೊಗರಿ ಮುಗಿದ ತಿಂಗಳುಗಳಲ್ಲಿ ಮಿಲ್ ನಿಲ್ಲಬಾರದೆಂದು ಆ ವರ್ಷ ಮೊದಲ ಸಲ ಆಫ್ರಿಕಾದಿಂದ ಒಂದು ಕಂಟೇನರ್ ತೊಗರಿ ತರಿಸಿದ್ದೆವು.

ಬಂದರಿಗೆ ಇಳಿದ ಮಾಲನ್ನು ಕೆಲವು ದಿನ ಮಾತ್ರ ಪುಕ್ಕಟೆ ಇಟ್ಟುಕೊಳ್ಳುತ್ತಾರೆ. ಆಮೇಲೆ ದಿನದ ಲೆಕ್ಕದಲ್ಲಿ ಬಾಡಿಗೆ. ಹೊರಗೆ ತಂದರೂ ಮುಗಿಯುವುದಿಲ್ಲ. ಖಾಲಿ ಕಂಟೇನರನ್ನು ಹೇಳಿದ ದಿನದೊಳಗೆ ಹಡಗಿನ ಕಂಪನಿಗೆ ವಾಪಸ್ ಮುಟ್ಟಿಸಬೇಕು, ಇಲ್ಲವಾದರೆ ಅದಕ್ಕೂ ದಂಡ. ಇದನ್ನೆಲ್ಲ ಕೇಳಿ ತಿಳಿದಿದ್ದರಿಂದ ಹಡಗು ಬರುವ ಮೊದಲೇ ಕಾಗದಪತ್ರ ಕಳಿಸಿ, ಸುಂಕದ ಕೆಲಸಕ್ಕೆ ಏಜೆಂಟರನ್ನು ಹಿಡಿದು, ಲಾರಿಯನ್ನೂ ಗೊತ್ತು ಮಾಡಿದ್ದೆ. ಮುಂಬೈಯಿಂದ ಮಾಲು ಕಂಟೇನರ್ ಸಮೇತ ಲಾರಿಯಲ್ಲಿ ತಡವಿಲ್ಲದೆ ಹೊರಟಿತು. ನಾನು ನಿಶ್ಚಿಂತೆಯಿಂದ ಆಳಂದದ ತವರಿಗೆ ಹೋದೆ.

ಮರುದಿನ ಬೆಳಿಗ್ಗೆ ಡ್ರೈವರ್ ಫೋನ್ ಮಾಡಿದ. ಸೊಲ್ಲಾಪುರ ಕಡೆಯವ, ನಮ್ಮ ಮಾತು ಚೆನ್ನಾಗಿ ಬರುತ್ತಿತ್ತು.

"ಅಕ್ಕಾರ, ಗೊಬ್ಬೂರದಾಗ ನಿಂತೇನ್ರಿ. ಮುಂದ ಹಳ್ಳ ರಸ್ತಾದ ಮ್ಯಾಲ ಹರ್ಯಾಕತ್ತದ. ಅದನ್ನ ದಾಟಿದ್ರೂ ಜೇವರ್ಗಿ ಕಡಿ ಸೇತುವಿ ಬಂದ್ ಅದ ಅಂತಾರ. ಹೊಳಿ ಭಾಳ ಬಂದದ."

ಯಜಮಾನರು ಭೀಮಾ ನದಿಯ ಆಚೆ ಜೇವರ್ಗಿಯಲ್ಲಿ, ನಾನೂ ಲಾರಿಯೂ ಈಚೆ. ಮುಂಬೈ ಏಜೆಂಟರಿಗೆ ಫೋನ್ ಮಾಡಿದೆ. ಖಾಲಿ ಕಂಟೇನರ್ ನಾಡಿದ್ದು ಸಂಜೆಯೊಳಗೆ ಬರಲೇಬೇಕು, ಹೊಳೆ ಬಂತು ಅಂದರೆ ಕಂಪನಿಯವರು ಕೇಳುವುದಿಲ್ಲ ಎಂದರು. ನೀರು ಯಾವಾಗ ಇಳಿಯುತ್ತದೋ ಯಾರಿಗೆ ಗೊತ್ತು? ದಂಡ ಬಿದ್ದರೆ ಆ ಮಾಲಿನ ಲಾಭವೆಲ್ಲ ಅದಕ್ಕೇ ಹೋಗುತ್ತಿತ್ತು. ಮಾಲನ್ನು ಈಚೆಯೇ ಇಳಿಸಿ ಕಂಟೇನರ್ ವಾಪಸ್ ಕಳಿಸೋಣವೆಂದು ಆಳಂದ, ಅಫಜಲಪುರದ ಪರಿಚಯದ ಗೋದಾಮುಗಳನ್ನೆಲ್ಲ ವಿಚಾರಿಸಿದೆ. ಎಲ್ಲೂ ಜಾಗ ಇರಲಿಲ್ಲ. ಬಾಡಿಗೆ ಕಾರು ಮಾಡಿಕೊಂಡು ಗೊಬ್ಬೂರಿಗೆ ಹೊರಟೆ.

ಲಾರಿ ಒಂದು ಚಹಾದಂಗಡಿಯ ಮುಂದೆ ನಿಂತಿತ್ತು. ಒಂದೆರಡು ವಾರ ಚೀಲ ಇಡಲು ಒಣ ಜಾಗ ಸಿಗಬಹುದೇ ಎಂದು ಅಲ್ಲಿದ್ದವರನ್ನು ಕೇಳಿದೆ. ಶರಣಪ್ಪ ಎಂಬ ರೈತರು ಎದ್ದು ಬಂದರು.

"ಏನ್ ಮಾಲ್ ರಿ?"

"ತೊಗರಿ ರಿ. ಆಫ್ರಿಕಾದ್ದು."

ಅವರ ಮುಖ ಬಿಗಿಯಾಯಿತು. "ಇಂಥಾ ಮಾಲ್ ಬಂದಾ ನಮ್ಮ ತೊಗರಿ ರೇಟ್ ಬೀಳಾಕತ್ತದ. ಅದನ್ನ ನಾವಾ ಇಟ್ಕೊಂಡು ಕಾಯ್ಬೇಕೇನ್ರಿ?"

ಅವರು ಹೇಳಿದ್ದು ಸುಳ್ಳಲ್ಲ. "ನಿಮ್ಮ ಮಾತು ಖರೇ ಅದರಿ," ಎಂದಷ್ಟೇ ಹೇಳಿ ಲಾರಿಯ ಕಡೆ ತಿರುಗಿದೆ. ಮೋಡ ಮತ್ತೆ ಕಪ್ಪಾಗುತ್ತಿತ್ತು. ಅವರೂ ಮೋಡ ನೋಡಿದರೇನೋ, ಹಿಂದಿನಿಂದ ಅವರೇ ಕರೆದರು.

"ನಿಲ್ರಿ ತಂಗಿ. ನಮ್ಮದೊಂದು ಹೊಸ ಮನಿ ಅದ. ಆದ್ರ ಇನ್ನಾ ಗೃಹಪ್ರವೇಶ ಆಗಿಲ್ಲ. ನಮ್ಮವ್ವ ಹೂಂ ಅಂದ್ರ ನೋಡೋಣ."

ಅವರ ತಾಯಿ ಹಳೆಯ ಮನೆಯ ಕಟ್ಟೆಯ ಮೇಲೆ ಕೂತಿದ್ದರು. ವಿಷಯ ಕೇಳಿ, ಮೊದಲು ಕಾಳು ತೋರಿಸಿ ಅಂದರು. ಡ್ರೈವರ್ ಒಂದು ಚೀಲ ಬಿಚ್ಚಿ ಒಂದು ಹಿಡಿ ತಂದುಕೊಟ್ಟ. ಅಂಗೈಯಲ್ಲಿ ಹರಡಿ, ಒಂದು ಕಾಳು ಹಲ್ಲಿನಲ್ಲಿ ಕಡಿದು ನೋಡಿದರು.

"ನಮ್ಮವಕ್ಕಿಂತ ಜರಾ ಸಣ್ಣ ಅವ," ಅಂದರು. ಆಮೇಲೆ ಮಗನಿಗೆ ಹೇಳಿದರು, "ಕಾಳು ಯಾವ ದೇಶದ್ದರ ಇರ್ಲಿ, ತೋಯಬಾರ್ದು. ನಮಗಿಂತ ಮೊದಲ ಮನ್ಯಾಗ ಕಾಳ ಹೋದ್ರ ಏನ್ ಕೆಡ್ತದೋ? ದೇವರ ಮನಿ ಒಂದ್ ಬಿಟ್ಟು ಎಲ್ಲಿ ಬೇಕಾದ್ರೂ ಇಡ್ರಿ. ಚಪ್ಪಲ್ ಮಾತ್ರ ಹೊರಗ ಬಿಡ್ರಿ."

ಶರಣಪ್ಪನವರೇ ಊರಿನ ಹಮಾಲರನ್ನು ಕೂಡಿಸಿದರು. ತಾವೂ ಹೆಗಲು ಕೊಟ್ಟರು. ಹೊಸ ಬಣ್ಣದ ವಾಸನೆ ಇನ್ನೂ ಹೋಗಿರದ ಆ ಮನೆಯ ಪಡಸಾಲೆ, ಅಡುಗೆಕೋಣೆ ಎಲ್ಲ ಕಡೆ ಗೋಡೆಗೆ ತಾಗದಂತೆ ಚೀಲ ಒಟ್ಟಿದರು. ಮಧ್ಯಾಹ್ನ ಕಳೆಯುವ ಹೊತ್ತಿಗೆ ಕಂಟೇನರ್ ಖಾಲಿಯಾಯಿತು. ಡ್ರೈವರ್ ಊಟಕ್ಕೂ ಕೂಡದೆ ರೊಟ್ಟಿ ಕಟ್ಟಿಸಿಕೊಂಡು ಮುಂಬೈಗೆ ವಾಪಸ್ ಅಕ್ಕಲಕೋಟ ದಾರಿ ಹಿಡಿದ. ಅವನು ಹೋದ ಸ್ವಲ್ಪ ಹೊತ್ತಿಗೇ ಮಳೆ ಸುರಿಯಿತು. ನಾನು ಆ ತಾಯಿಯ ಪಕ್ಕ ಕೂತು ರೊಟ್ಟಿ, ಪುಂಡಿಪಲ್ಯ ಉಂಡೆ.

ಕಂಟೇನರ್ ವೇಳೆಗೆ ಸರಿಯಾಗಿ ಮುಟ್ಟಿತು. ನೀರು ಇಳಿದ ಮೇಲೆ ಯಜಮಾನರು ಲಾರಿ ತಂದು ಮಾಲು ಒಯ್ದರು. ಬಾಡಿಗೆ ಕೊಡಲು ಹೋದರೆ ಶರಣಪ್ಪನವರು ಮುಟ್ಟಲಿಲ್ಲ.

"ಬಾಡಿಗಿ ಬ್ಯಾಡ್ರಿ. ಸುಗ್ಗ್ಯಾಗ ನಮ್ಮ ತೊಗರಿ ನಿಮ್ಮ ಮಿಲ್ಲಿಗೆ ತರ್ತೀವಿ. ಆವಾಗ ಹೊರಗಿನ ಮಾಲ್ ಬಂದದ ಅಂತ ನಮ್ಮ ರೇಟ್ ಮುರಿಬ್ಯಾಡ್ರಿ. ಅಷ್ಟಾ ಸಾಕು."

ಯಜಮಾನರು ಅವರ ಕೈ ಹಿಡಿದು ಆಯಿತು ಅಂದರು.

ಈಗಲೂ ನಾವು ಹೊರಗಿನ ತೊಗರಿ ತರಿಸುತ್ತೇವೆ. ತರಿಸದಿದ್ದರೆ ವರ್ಷವಿಡೀ ಮಿಲ್ ನಡೆಯುವುದಿಲ್ಲ. ಆದರೆ ಸುಗ್ಗಿಯ ತಿಂಗಳಲ್ಲಿ ಹಡಗು ಬರುವಂತೆ ಒಂದು ಚೀಲವನ್ನೂ ತರಿಸುವುದಿಲ್ಲ. ಕಡಿಮೆ ದರಕ್ಕೆ ಮಾಲು ಇದೆ ಎಂದು ಹೊರಗಿನ ತೊಗರಿ ಮಾರುವ ದಲ್ಲಾಳಿಗಳು ಆ ದಿನಗಳಲ್ಲಿ ಫೋನ್ ಮಾಡುತ್ತಾರೆ. ಈಗ ಬೇಡ ಅನ್ನುತ್ತೇನೆ. ಯಾಕೆ ಮೇಡಂ ಎಂದು ಕೇಳಿದರೆ, ಗೊಬ್ಬೂರಿನವರಿಗೆ ಮಾತು ಕೊಟ್ಟಿದ್ದೇವೆ ಅನ್ನುತ್ತೇನೆ. ಆ ದಲ್ಲಾಳಿಗಳಿಗೆ ಅದೆಷ್ಟು ಅರ್ಥವಾಗುತ್ತದೋ ಗೊತ್ತಿಲ್ಲ.