ದಬ್ಬೋ ಗಾಡಿಯ ಡ್ರೈವರ್ ಕಾಕಾ

ಹೋದ ವಾರ ನಮ್ಮ ಮನೆಯ ಇನ್ವರ್ಟರ್ ಕೈಕೊಟ್ಟಿತು. ಸೇಡಂ ರಸ್ತೆಯ ಅಂಗಡಿಯಿಂದ ಒಬ್ಬಾತ ಬಂದು ಬ್ಯಾಟರಿಯ ತಂತಿ ಬಿಚ್ಚಿದ. ಅದರ ನೆತ್ತಿಯ ಮೇಲೆ ಬಿಸಿನೀರಿನಲ್ಲಿ ಕದಡಿದ ತಿನ್ನೋ ಸೋಡಾ ಹನಿಸಿದ. ಬುಸ್ಸೆಂದು ನೊರೆ ಎದ್ದಿತು, ಜೊತೆಗೆ ಆ ವಾಸನೆ… ಹುಳಿ, ಕಮಟು, ಮೂಗಿನ ತುದಿಗೆ ಚುಚ್ಚುವಂಥದ್ದು. ನಾನು ಅಡುಗೆಮನೆಯ ಬಾಗಿಲಲ್ಲಿ ಹಾಗೇ ನಿಂತುಬಿಟ್ಟೆ. "ಆಂಟಿ, ದೂರ ನಿಂದರ್ರಿ, ಕಣ್ಣಿಗಿ ಸಿಡೀತದ" ಅಂದ ಆತ. ನನ್ನ ಕಣ್ಣು ಆಗಲೇ ಒದ್ದೆಯಾಗಿತ್ತು. ಅದು ಸೋಡಾದಿಂದಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ನಾನಾಗ ನರ್ಸಿಂಗ್ ಮುಗಿಸಿ ಊರೊಳಗಿನ ಒಂದು ಟ್ರಸ್ಟಿನ ದವಾಖಾನೆಗೆ ಸೇರಿದ್ದೆ. ಅವರದೊಂದು ಹಳೆಯ ವ್ಯಾನಿತ್ತು. ಹಿಂದಿನ ಸೀಟು ಕಿತ್ತು ಒಂದು ಮಂಚ, ಔಷಧಿಯ ಕಪಾಟು, ಒಂದು ಟ್ಯೂಬ್‌ಲೈಟು, ಜಾಳಿಗೆಯೊಳಗಿನ ಸಣ್ಣ ಫ್ಯಾನು, ಚಹಾ ಕಾಸಲು ಒಂದು ಸ್ಟೋವು, ಇಷ್ಟನ್ನೂ ಅದರಲ್ಲಿ ಕೂಡಿಸಿದ್ದರು. ಸೋಮವಾರ ಕಲಬುರಗಿಯಿಂದ ಹೊರಟರೆ ಗುರುವಾರದವರೆಗೆ ಕಮಲಾಪುರದಲ್ಲೇ ಠಿಕಾಣಿ. ಅಲ್ಲಿಂದ ಸುತ್ತಲಿನ ಹಳ್ಳಿಗಳಿಗೆ ಹೋಗಿ ಬಸುರಿಯರನ್ನು, ಕೂಸುಗಳನ್ನು ನೋಡುವುದು, ಸೂಜಿ ಮಾಡುವುದು, ಗುಳಿಗೆ ಕೊಡುವುದು. ನನಗೊಂದು ಬಾಡಿಗೆ ಕೋಣೆ ಹಿಡಿದುಕೊಟ್ಟಿದ್ದರು. ಡ್ರೈವರ್ ಕಾಕಾ ವ್ಯಾನಿನ ಮಂಚದ ಮೇಲೇ ಮಲಗುತ್ತಿದ್ದರು.

ಕಾಕಾ ಅಂದರೆ ಐವತ್ತು ದಾಟಿದವರು, ಸಣಕಲು ಮೈ, ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ಕೂದಲು. ಕೋಟನೂರಿನವರು. ಮಾತು ಕಡಿಮೆ, ಆದರೆ ಗಾಡಿಯ ವಿಷಯ ಬಂತೆಂದರೆ ಬಾಯಿ ತೆರೆಯುತ್ತಿದ್ದರು. "ಇಂಜಿನ್ ಅಂದ್ರ ಮೈ ಇದ್ದಂಗ ರೀ ಸಿಸ್ಟರ್. ಜೀವಾ ಇರೋದು ಬ್ಯಾಟರ್ಯಾಗ" ಅಂತ ಒಮ್ಮೆ ಹೇಳಿದ್ದರು. ಹನ್ನೊಂದು ವರ್ಷ ದಿನಗೂಲಿ ಮೇಲೆ ಅದೇ ಗಾಡಿ ಓಡಿಸಿದ್ದರು. ಆ ವರ್ಷ ಅವರನ್ನು ಖಾಯಂ ಮಾಡುವುದೆಂದು ಟ್ರಸ್ಟಿನ ಸಾಹೇಬರು ಒಪ್ಪಿದ್ದರು. ಒಂದೇ ಕರಾರು, ಗಾಡಿಯ ಇನ್‌ಚಾರ್ಜ್ ಕಡೆಯಿಂದ ಒಳ್ಳೆಯ ರಿಪೋರ್ಟು ಬರಬೇಕು. ಇನ್‌ಚಾರ್ಜ್ ಅಂದರೆ ನಾನು! ಇಪ್ಪತ್ತಾರು ವರ್ಷದ ಹುಡುಗಿಯ ಕೈಯಲ್ಲಿ ಆ ಹಿರಿಯ ಮನುಷ್ಯನ ಅನ್ನ.

ದಸರೆಯಲ್ಲಿ ಗಾಡಿಗೆ ಮಾಡುವ ಖಂಡೇ ಪೂಜೆಯ ಮುಂದಿನ ತಿಂಗಳಿಂದ ಗಾಡಿ ಕಾಡತೊಡಗಿತು. ಸಂಜೆ ಸರಿಯಾಗಿ ಬಂದು ನಿಂತ ವ್ಯಾನು ಬೆಳಗಾದರೆ ಜಪ್ಪಯ್ಯ ಅಂದರೂ ಚಾಲೂ ಆಗದು. ಕೀಲಿ ತಿರುವಿದರೆ ಟಿಕ್ ಟಿಕ್, ಅಷ್ಟೇ. ಕಮಲಾಪುರದ ಬಸ್‌ಸ್ಟ್ಯಾಂಡಿನ ಮಂದಿ ಬಂದು ದಬ್ಬಬೇಕು. ಔಷಧಿಗೆಂದು ಬಂದ ಕೆಮ್ಮಿನ ಮುದುಕರೂ ಒಂದು ಕೈ ಹಚ್ಚುತ್ತಿದ್ದರು. "ಸಿಸ್ಟರ್, ನಿಮ್ಮ ಗಾಡಿಗೇ ಒಂದು ಸೂಜಿ ಮಾಡ್ರೆಲಾ" ಅಂತ ನಗುತ್ತಿದ್ದರು. ನಮ್ಮ ದವಾಖಾನೆ ಗಾಡಿಗೆ ದಬ್ಬೋ ಗಾಡಿ ಅಂತ ಹೆಸರೇ ಬಿದ್ದುಹೋಯಿತು. ನನಗೆ ಮೈಯೆಲ್ಲಾ ಉರಿಯುತ್ತಿತ್ತು.

ಉರಿ ಯಾರ ಮೇಲೆ ಹೋಗಬೇಕು? ಕಾಕಾನ ಮೇಲೆ ಹೋಯಿತು. ನಾನು ಹುಟ್ಟಾ ಸಂಶಯದವಳು, ಹಾಲಿನವನು ಎದುರಿಗೆ ಕರೆದು ಕೊಟ್ಟರೂ ಬೆರಳದ್ದಿ ನೋಡುವವಳು. ಗಾಡಿಯೊಳಗೆ ಮಲಗುವವರು ಅವರು, ಇಡೀ ರಾತ್ರಿ ಫ್ಯಾನು ಹಚ್ಚಿಕೊಂಡು ಬ್ಯಾಟರಿ ಖಾಲಿ ಮಾಡುತ್ತಾರೆ ಅಂತ ನಾನೇ ತೀರ್ಮಾನಿಸಿದೆ. ಕೇಳಿದ್ದಕ್ಕೆ, "ಇಲ್ಲ ರೀ, ಬಾಗಲಾ ತೆಗದು ಮಲಗ್ತೀನಿ, ಗಾಳಿ ಬರ್ತದ" ಅಂದರು. ನಂಬಲಿಲ್ಲ. ಒಂದು ಸಂಜೆ ಅವರು ಊಟಕ್ಕೆ ಹೋದಾಗ ಫ್ಯಾನಿನ ರೆಕ್ಕೆಗೂ ಜಾಳಿಗೆಗೂ ಸೇರಿಸಿ ಒಂದು ಎಳೆ ದಾರ ಕಟ್ಟಿ ಬಂದೆ. ಫ್ಯಾನು ತಿರುಗಿದರೆ ದಾರ ಹರಿಯಬೇಕು. ಬೆಳಿಗ್ಗೆ ಹೋಗಿ ನೋಡಿದರೆ ದಾರ ಇದ್ದ ಹಾಗೇ ಇದೆ, ಗಾಡಿ ಮಾತ್ರ ಟಿಕ್ ಟಿಕ್.

ಬೇರೆಯವರಾಗಿದ್ದರೆ ಅಲ್ಲಿಗೆ ಸುಮ್ಮನಾಗುತ್ತಿದ್ದರು. ನಾನು ಏನಂದುಕೊಂಡೆ ಗೊತ್ತೆ? ದಾರ ಬಿಚ್ಚಿ, ಫ್ಯಾನು ಹಚ್ಚಿಕೊಂಡು ಮಲಗಿ, ಎದ್ದ ಮೇಲೆ ಮತ್ತೆ ಕಟ್ಟಿದ್ದಾರೆ, ಎಂಥಾ ಪಾಕಡಾ ಮನುಷ್ಯ! ಆಮೇಲೆ ರೇಡಿಯೋ ಹುಡುಕಿದೆ, ಸಿಗಲಿಲ್ಲ. ಆಗ ಹಳ್ಳಿಗಳಲ್ಲಿ ಕರೆಂಟು ಇಲ್ಲದಾಗ ಬ್ಯಾಟರಿ ಹಚ್ಚಿ ಟೀವಿ ನೋಡುತ್ತಿದ್ದರು. ನಮ್ಮ ಬ್ಯಾಟರಿಯನ್ನು ಯಾರದೋ ಮನೆಯ ಟೀವಿಗೆ ಕೊಟ್ಟು ಬರುತ್ತಾರೇನೋ ಅಂತಲೂ ಅನ್ನಿಸಿತು. ಅವರ ಸೀಟಿನ ಕೆಳಗೆ ಒಂದು ಮೊಳ ತಂತಿ ಸಿಕ್ಕಾಗಂತೂ ಕಳ್ಳ ಸಿಕ್ಕೇಬಿಟ್ಟ ಅಂದುಕೊಂಡೆ. ಯಾವ ಡ್ರೈವರನ ಸೀಟಿನ ಕೆಳಗೆ ತಂತಿ ಇರುವುದಿಲ್ಲ, ಹೇಳಿ?

ಊರಿಗೆ ಬಂದಾಗ ಅವ್ವನ ಮುಂದೆ ಅತ್ತೆ. "ದೃಷ್ಟಿ ಆಗ್ಯಾದ ನೋಡು. ಖಂಡೇ ಪೂಜಾದಾಗ ಮಾಡ್ದಂಗ ವಾರಾ ವಾರಾ ಮಾಡು" ಅಂದಳು ಅವ್ವ. ಖಂಡೇ ಪೂಜೆ ಆ ವರ್ಷ ನಾನೇ ಮಾಡಿದ್ದೆ. ಗಾಡಿಯ ಜೀವ ಬ್ಯಾಟರಿಯಲ್ಲಿ ಇರುತ್ತದೆ ಅಂತ ಕಾಕಾನೇ ಹೇಳಿದ್ದರಲ್ಲ. ಅದಕ್ಕೇ ಮುಂದಿನ ಸೀಟು ಎತ್ತಿ, ಬ್ಯಾಟರಿಗೇ ವಿಭೂತಿ ಕುಂಕುಮ ಹಚ್ಚಿ, ಕಾಯಿ ಒಡೆದು ನೀರನ್ನು ಅದರ ಮೇಲೇ ಹನಿಸಿದ್ದೆ. ಈಗ ಪ್ರತಿ ಸೋಮವಾರ ಶರಣಬಸಪ್ಪನ ಗುಡಿಗೆ ಹೋಗಿ ಕಾಯಿ ತಂದು, ಹೊರಡುವ ಮುನ್ನ ಅದೇ ಪೂಜೆ. ಗಾಡಿ ಕೆಟ್ಟಷ್ಟೂ ನನ್ನ ಭಕ್ತಿ ಹೆಚ್ಚಾಯಿತು, ಕಾಯಿ ಒಂದಿದ್ದದ್ದು ಎರಡಾಯಿತು.

ನಾನು ಪೂಜೆ ಮಾಡುವಾಗ ಕಾಕಾ ದೂರ ನಿಲ್ಲುತ್ತಿದ್ದರು. ಕರೆದರೆ, "ನೀವ ಮಾಡ್ರಿ ಸಿಸ್ಟರ್, ನಾ ಗಾಡಿ ಗಾಜು ಒರಸ್ತೀನಿ" ಅನ್ನುತ್ತಿದ್ದರು. ಅವರದು ದಲಿತರ ಓಣಿಯ ಬೌದ್ಧ ಮನೆತನ, ಪೂಜೆ ಪುನಸ್ಕಾರ ಬಿಟ್ಟವರು. ಇದು ನನಗೆ ಗೊತ್ತಿತ್ತು. ಒಂದು ಮಾತು ಮುಚ್ಚಿಡದೆ ಹೇಳಿಬಿಡುತ್ತೇನೆ. ನನ್ನ ಸಂಶಯದ ಬುಡದಲ್ಲಿ ಅದೂ ಇತ್ತು. ನಮ್ಮ ಮನೆಯಲ್ಲಿ ಅವರ ಓಣಿಯವರ ಬಗ್ಗೆ ಆಡುತ್ತಿದ್ದ ಮಾತು ಕೇಳಿಯೇ ಬೆಳೆದವಳು ನಾನು. ಬೇರೆ ಯಾರಾದರೂ ಡ್ರೈವರ್ ಆಗಿದ್ದರೆ ದಾರ ಕಟ್ಟುತ್ತಿದ್ದೆನೇ? ಈಗ ಕೇಳಿಕೊಂಡರೆ ನಾಚಿಕೆ ಬರುತ್ತದೆ.

ಒಂದು ಮಂಗಳವಾರ ಬೇಗ ಎಚ್ಚರವಾಗಿ, ಹಲ್ಲುಜ್ಜುತ್ತಾ ಕಿಟಕಿಯಿಂದ ನೋಡಿದೆ. ಬೆಳಕು ಆಗಷ್ಟೇ ಹರಿದಿತ್ತು. ಕಾಕಾ ಮುಂದಿನ ಸೀಟು ಎತ್ತಿ ಬ್ಯಾಟರಿಯ ಮೇಲೆ ಬಗ್ಗಿದ್ದಾರೆ! ಕೈಯಲ್ಲಿ ಅರಿವೆ, ಪಕ್ಕದಲ್ಲೊಂದು ತಗಡಿನ ಡಬ್ಬಿ, ಗಾಳಿಯಲ್ಲಿ ಹುಳಿ ಕಮಟು ವಾಸನೆ. ಬಾಯಿ ಮುಕ್ಕಳಿಸದೆ ಓಡಿದೆ. ನನ್ನ ಚಪ್ಪಲಿಯ ಸಪ್ಪಳ ಕೇಳಿದವರೇ ಡಬ್ಬಿಯನ್ನು ಸೀಟಿನ ಹಿಂದೆ ಸರಿಸಿದರು.

"ಏನ್ ಮಾಡ್ಲಾಕತ್ತೀರಿ ಕಾಕಾ?"

"ಏನಿಲ್ರಿ… ಒರಸ್ಲಾಕತ್ತಿದ್ದೆ."

"ಬ್ಯಾಟರಿ ಒರಸ್ತಾರೇನ್ರಿ ಯಾರರೆ?"

ಅವರು ನನ್ನನ್ನೊಮ್ಮೆ ನೋಡಿದರು. ಆ ನೋಟ… ಅದು ಕಳ್ಳನ ನೋಟ ಅಂತಲೇ ನಾನು ಓದಿದೆ. ಸಾಹೇಬರಿಗೆ ಆ ವಾರವೇ ಬರೆದುಕೊಟ್ಟೆ. ಡ್ರೈವರ್ ಯಾರಿಗೂ ಕಾಣದಂತೆ ಬ್ಯಾಟರಿಗೆ ಏನೋ ಮಾಡುತ್ತಾನೆ, ಕಣ್ಣಾರೆ ಕಂಡಿದ್ದೇನೆ, ಕೇಳಿದರೆ ಮುಚ್ಚಿಡುತ್ತಾನೆ. ಮಾಡುತ್ತಾನೆ ಅಂತ ಏಕವಚನದಲ್ಲೇ ಬರೆದೆ.

ಸಾಹೇಬರು ಕರೆಸಿ ಕೇಳಿದರು. ನಾನು ಅಲ್ಲೇ ಕೂತಿದ್ದೆ. ಕಾಕಾ ಟೊಪ್ಪಿಗೆ ಕೈಯಲ್ಲಿ ಹಿಡಿದು ನಿಂತು, "ಸಿಸ್ಟರ್ ನೋಡಿದ್ದು ಖರೇ ಅದ ರೀ. ನಾ ಕೆಡಿಸಿಲ್ಲ, ಇಷ್ಟೇ ಹೇಳ್ತೀನಿ" ಅಂದರು. ಅದೇ ತಿಂಗಳು ಅವರನ್ನು ಬಿಡಿಸಿದರು. ಖಾಯಂ ಆಗುವ ಮಾತು ಅಲ್ಲಿಗೆ ಮುಗಿಯಿತು.

ಹೊಸ ಡ್ರೈವರ್ ಬಂದ. ನನ್ನ ಪೂಜೆ ನಡೆದೇ ಇತ್ತು. ಮೊದಲು ಎರಡು ದಿನಕ್ಕೊಮ್ಮೆ ದಬ್ಬಬೇಕಿದ್ದ ಗಾಡಿಯನ್ನು ಈಗ ದಿನಾ ದಬ್ಬಬೇಕಾಯಿತು. ಮೂರನೇ ವಾರಕ್ಕೆ ಬ್ಯಾಟರಿ ಪೂರ್ತಿ ಸತ್ತಿತು. ಕಮಲಾಪುರದ ಬಸ್‌ಸ್ಟ್ಯಾಂಡಿನ ಹತ್ತಿರ ಗಾಡಿಗಳ ವೈರಿಂಗ್ ನೋಡುವ ಒಬ್ಬ ವಯಸ್ಸಾದ ಮಿಸ್ತ್ರಿ ಇದ್ದ. ಗಾಡಿಯನ್ನು ಅವನ ಅಂಗಡಿಯ ಮುಂದಕ್ಕೆ ದಬ್ಬಿಸಿಕೊಂಡು ಹೋದೆ.

ಮಿಸ್ತ್ರಿ ಬ್ಯಾಟರಿಯನ್ನು ಚಾರ್ಜಿಗೆ ಹಾಕಿ, ಸಂಜೆಗೆ ಗಾಡಿಯಲ್ಲಿ ಕೂಡಿಸಿದ. ಒಂದು ತಂತಿ ಬಿಚ್ಚಿ ನಡುವೆ ಸಣ್ಣ ಬಲ್ಬು ಸೇರಿಸಿದ. "ಗಾಡ್ಯಾಗ ಎಲ್ಲೆರೆ ಕರೆಂಟ್ ಸೋರ್ಲಾಕತ್ತಿದ್ರ ಇದು ಹತ್ತತದ" ಅಂದ. ಬಲ್ಬು ಹತ್ತಲಿಲ್ಲ. ಫ್ಯಾನಿನಲ್ಲಿ ದೋಷವಿಲ್ಲ, ಲೈಟಿನಲ್ಲಿಲ್ಲ, ಯಾವ ತಂತಿಯಲ್ಲೂ ಇಲ್ಲ. ಮಿಸ್ತ್ರಿ ಗಲ್ಲ ಕೆರೆದುಕೊಂಡ. ಆಮೇಲೆ ಮುಳ್ಳಿನ ಮೀಟರು ತಂದು, ಅದರ ಒಂದು ಕಡ್ಡಿಯನ್ನು ಬ್ಯಾಟರಿಯ ತಂತಿ ಸಿಕ್ಕಿಸುವ ಕಂಬಕ್ಕೆ ಹಿಡಿದು, ಇನ್ನೊಂದನ್ನು ಸುಮ್ಮನೆ ಅದರ ಪ್ಲಾಸ್ಟಿಕ್ ನೆತ್ತಿಯ ಮೇಲೆ, ನನ್ನ ಕುಂಕುಮ ಮೆತ್ತಿಕೊಂಡಿದ್ದ ಜಾಗದಲ್ಲಿ ಊರಿದ. ಪ್ಲಾಸ್ಟಿಕ್ಕಿನ ಮೇಲೆ ಏಳಲೇಬಾರದ ಮುಳ್ಳು ಸರ್ರನೆ ಎದ್ದಿತು.

"ಯಾ ಅಲ್ಲಾ! ಇದಕ್ಕ ಏನ್ ಕುಡಿಸೀರಿ?" ಅಂದ ಮಿಸ್ತ್ರಿ.

"ಕಾಯಿ ನೀರು…" ಅಂದೆ.

ಅವನು ಬಿಡಿಸಿ ಹೇಳಿದ. ಕಾಯಿ ನೀರಿನಲ್ಲಿ ಉಪ್ಪಿನ ಅಂಶ ಇರುತ್ತದೆ. ಅದು ಬೂದಿ ಕುಂಕುಮದ ಜೊತೆ ಹಸಿಯಾಗಿ ಕೂತು ಎರಡು ಕಂಬಗಳ ನಡುವೆ ದಾರಿ ಮಾಡಿದೆ, ನಿಂತಲ್ಲೇ ಕರೆಂಟು ಹರಿಯುತ್ತಿದೆ. ಮುಚ್ಚಳದ ತೂತಿನಿಂದ ಒಳಗೂ ಇಳಿದು ಆಸಿಡ್ಡನ್ನು ಕೆಡಿಸಿದೆ. "ಮೊದಲಿನ ಡ್ರೈವರ್ ಒರಸ್ಕೋತ ಇದ್ದ, ಅದಕ್ಕ ಇಷ್ಟ ದಿನಾ ಬಾಳಿತು. ನನ್ನ ಕಡಿಂದೇ ಸೋಡಾ ಒಯ್ತಿದ್ದ, ತಗಡಿನ ಡಬ್ಬ್ಯಾಗ."

"ಮತ್ತ ನನಗ ಯಾಕ ಹೇಳ್ಲಿಲ್ಲ ಅವರು?"

ಮಿಸ್ತ್ರಿ ಮೀಟರಿನ ತಂತಿ ಸುತ್ತುತ್ತಾ ಹೇಳಿದ. "ನಾನೂ ಅದೇ ಕೇಳಿದ್ದೆ ರೀ. 'ಅವರ ಪೂಜಾ ತಪ್ಪು ಅಂತ ನಾ ಹ್ಯಾಂಗ ಹೇಳ್ಲಿ? ಬ್ಯಾರೆಯವ್ರು ಹೇಳಿದ್ರ ಬುದ್ಧಿಮಾತು. ನಮ್ಮ ಮಂದಿ ಹೇಳಿದ್ರ ದೇವರಿಗಿ ಬೈದಂಗ ಆಗ್ತದ. ಸುಮ್ಮ ಒರಸ್ತೀನಿ ಬಿಡು' ಅಂದ."

ಮುಂದಿನ ಭಾನುವಾರ ಕೋಟನೂರಿಗೆ ಹೋದೆ. ಆಗ ಅದು ಊರ ಹೊರಗಿನ ಹಳ್ಳಿ, ನಡುವೆ ಬರೀ ಹೊಲ. ಕಾಕಾ ಯಾರದೋ ಟ್ರ್ಯಾಕ್ಟರ್ ಓಡಿಸಿ ಬಂದು ಕಾಲು ತೊಳೆಯುತ್ತಿದ್ದರು. ನನ್ನನ್ನು ಕಂಡು ಗಾಬರಿಯಾಗಿ ಒಳಗಿನಿಂದ ಖುರ್ಚಿ ತರಿಸಿದರು. ಎಲ್ಲಾ ಹೇಳಿದೆ. ಕೈ ಮುಗಿದೆ. "ಅಯ್ಯ, ನೀವ್ಯಾಕ ಕೈ ಮುಗೀತೀರಿ, ತಿಳೀದೆ ಆಗ್ಯಾದ" ಅಂದರು. ಆಮೇಲೆ ಒಂದೇ ಮಾತು ಕೇಳಿದರು. "ಇದನ್ನ ಸಾಹೇಬರಿಗಿ ಹೇಳ್ತೀರೇನ್ರಿ ಸಿಸ್ಟರ್?"

"ಹೇಳ್ತೀನಿ ಕಾಕಾ. ನಾಳಿನೇ ಹೇಳ್ತೀನಿ."

ಹೇಳಲಿಲ್ಲ.

ಸೋಮವಾರ ಸಾಹೇಬರ ಬಾಗಿಲವರೆಗೂ ಹೋಗಿದ್ದೆ. ಅವರ ಮೇಜಿನ ಮೇಲೆ ಖಾಯಂ ಮಾಡುವವರ ಕಡತ ಬಿಚ್ಚಿತ್ತು. ಅದರಲ್ಲಿ ನನ್ನ ಹೆಸರೂ ಇತ್ತು. ಹೊಸ ಬ್ಯಾಟರಿ ಹಾಕಿಸಬೇಕೆಂದು ಮಾತ್ರ ಹೇಳಿ, ಅದಕ್ಕೆ ವಯಸ್ಸಾಗಿತ್ತು ಅಂತ ಸುಳ್ಳು ಸೇರಿಸಿ ಬಂದೆ. ನನ್ನ ಆರ್ಡರ್ ಆಗಲಿ, ಆಮೇಲೆ ಹೇಳಿದರಾಯಿತು ಅಂದುಕೊಂಡೆ. ಆರ್ಡರ್ ಆಯಿತು. ಆಮೇಲೆ ಮದುವೆ, ಆಮೇಲೆ ಬಾಣಂತನ, ಸಾಹೇಬರೂ ಬದಲಾದರು… ಹೇಳುವುದಕ್ಕೆ ಯಾರೂ ಉಳಿಯದ ಮೇಲೆ ಅಪ್ಪಾ ಸಾಕು ಅಂತ ಉಸಿರು ಬಿಟ್ಟೆ. ಎಲ್ಲರನ್ನೂ ಅನುಮಾನಿಸಿದ ನಾನು ಅನುಮಾನಿಸಬೇಕಾಗಿದ್ದ ಒಬ್ಬಳನ್ನು ಮಾತ್ರ ಬಿಟ್ಟುಬಿಟ್ಟಿದ್ದೆ.

ಇನ್ವರ್ಟರಿನವನು ಹೋದ ಮರುದಿನ ಆಟೋ ಹಿಡಿದು ಕೋಟನೂರಿಗೆ ಹೋದೆ. ಈಗ ಅದು ಊರೊಳಗೇ ಸೇರಿಹೋಗಿದೆ, ಓಣಿ ಸಿಗುವುದಕ್ಕೆ ನಾಲ್ಕು ಮಂದಿಯನ್ನು ಕೇಳಬೇಕಾಯಿತು. ಬಾಗಿಲು ತೆರೆದವಳು ಕಾಕಾನ ಮಗಳು, ಈಗ ನಲವತ್ತರ ಹೆಂಗಸು. ಅಪ್ಪ ಹೋಗಿ ನಾಲ್ಕು ವರ್ಷವಾಯಿತು ಅಂದಳು. ನಾನು ಯಾರೆಂದು ಹೇಳಿದ ಕೂಡಲೇ ಅವಳ ಮುಖ ಅರಳಿತು. ನನ್ನ ಕೈ ಹಿಡಿದು ಒಳಗೆ ಕೂಡಿಸಿದಳು.

"ದವಾಖಾನಿ ಸಿಸ್ಟರ್ ನೀವೇ ಏನ್ರಿ! ಅಪ್ಪ ಭಾಳ ನೆನಸ್ತಿದ್ದ ರೀ ನಿಮಗ. ಸಿಸ್ಟರ್ ತನ್ನ ತಪ್ಪು ತಾನೇ ಹೋಗಿ ಸಾಹೇಬರ ಮುಂದ ಹೇಳ್ಯಾಳ, ಅವರೇ ಕೇಳ್ಲಿಲ್ಲ, ಏನ್ ಮಾಡ್ತಾಳ ಪಾಪ ಅಂತಿದ್ದ."

ಕೆಲಸಕ್ಕೆ ಮತ್ತೆ ಕರೆ ಬರದಿದ್ದಾಗ, ನಾನು ಹೇಳಿಯೂ ಸಾಹೇಬರು ಕೇಳಲಿಲ್ಲ ಅಂತ ಕಾಕಾ ನಿಜವಾಗಿಯೂ ನಂಬಿದ್ದರೋ, ಅಥವಾ ಎಲ್ಲಾ ಗೊತ್ತಿದ್ದೂ ಮಕ್ಕಳ ಮುಂದೆ ನನ್ನ ಮಾನ ಉಳಿಸಿದರೋ… ನನ್ನ ಸಂಶಯದ ಬುದ್ಧಿ ಇದನ್ನೂ ಬಿಡಲಿಲ್ಲ. ಕೇಳುವುದಕ್ಕೆ ಅವರಿಲ್ಲ. ಮಗಳು ಚಹಾದ ಕಪ್ಪು ಮುಂದೆ ಹಿಡಿದಿದ್ದಳು. ನಾನು ತೆಗೆದುಕೊಳ್ಳಲಿಲ್ಲ.

"ಇಲ್ಲವ್ವಾ, ನಾ ಹೇಳಿರಲಿಲ್ಲ. ಯಾರ ಮುಂದನೂ ಹೇಳಲಿಲ್ಲ" ಅಂದೆ.

ಅವಳ ಮುಖದ ನಗು ಮೆಲ್ಲಗೆ ಇಳಿಯಿತು. ಕಪ್ಪನ್ನು ನನ್ನ ಪಕ್ಕದ ಸ್ಟೂಲಿನ ಮೇಲೆ ಇಟ್ಟು, ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ ಬಾಗಿಲ ಕಡೆ ನೋಡಿದಳು.

"ಅಪ್ಪ ಇದ್ದಾಗ ಬರಬೇಕಿತ್ರಿ ನೀವು."