ಬಾರದ ಭಾವನಿಗೆ ಹಾಕಿದ ಎಲೆ

ಮಿತ್ರರೇ, ಇಂದು ಸಾಗರದ ನಮ್ಮ ಮನೆಯ ಪಂಕ್ತಿಯಲ್ಲಿ ಮಹತ್ಕಾರ್ಯವೊಂದು ನಡೆಯಿತು. ಕಾರ್ಡಿಗೆ ತೂತು ಹೊಡೆದು ಕಂಪ್ಯೂಟರಿಗೆ ಲೆಕ್ಕ ಉಣಿಸುವ ನಮ್ಮಣ್ಣ ತನ್ನದೇ ಪ್ರೋಗ್ರಾಮಿಂಗ್ ಭಾಷೆ ಕಟ್ಟುತ್ತಿದ್ದಾನೆ. ನಾಳೆ ಅದನ್ನು ಮೇಷ್ಟ್ರಿಗೆ ಒಪ್ಪಿಸಬೇಕು. ಟೈಪ್ ಎಂದರೆ ಲೆಕ್ಕದ ಮಾಹಿತಿ ಯಾವ ಬಗೆಯದೆಂಬ ಗುರುತು; ಮುಂದೆಲ್ಲೋ ವಿವರಿಸುವ ಟೈಪಿನ ಹೆಸರು ಮೊದಲೇ ಬಂದರೆ, ಬರೆದದ್ದನ್ನು ಯಂತ್ರದ ಮಾತಿಗೆ ತಿರುಗಿಸುವ ಕಂಪೈಲರ್ ಏನು ಮಾಡಬೇಕೆಂದು ತಿಳಿಯದೆ ಅಣ್ಣ ಒದ್ದಾಡುತ್ತಿದ್ದ.

ಊಟಕ್ಕೆ ಕೂತಾಗ ನಾನು ಎರಡು ಪಾಲು ಉಣ್ಣುವ ಆಸೆಯಿಂದ, ಪರಮ ಗಾಂಭೀರ್ಯದಿಂದ ಒಂದು ಎಲೆ ಹೆಚ್ಚಿಗೆ ಹಾಕಿ, “ಇದು ಹೊಸನಗರದ ಭಾವಂದು, ಹಿಂದೆ ಬರ್ತಿದಾರೆ” ಎಂದೆ. ಅಜ್ಜಿ ಒಪ್ಪಿದಳು. ಆದರೆ ಅನ್ನ ಬಡಿಸುವ ಮೊದಲು ಸೌಟು ತಡೆದಳು. “ಎಂತದಾ ನಿಂದು? ಭಾವ ಎಲ್ಲಿ?”

ಅಣ್ಣ ಎದ್ದೇ ನಿಂತ. “ಸಿಕ್ತು ಅಜ್ಜಿ! ಹೆಸರು ಬಂದ ಕೂಡ್ಲೇ ಕಂಪೈಲರ್ ಬೈಬಾರ್ದು, ನಿನ್ನ ಹಾಗೆ ಜಾಗ ಇಡ್ಬೇಕು. ಪ್ರೋಗ್ರಾಮ್ ಓಡೋ ಮೊದ್ಲು ಎಲ್ರೂ ಬಂದಿದಾರಾ ಅಂತ ನೋಡ್ಬೇಕು!”

ಯಂತ್ರದ ಭಾಷೆಗೊಂದು ನಿಯಮ ನಮ್ಮ ಪಂಕ್ತಿಯಲ್ಲಿ ಹುಟ್ಟಿದ್ದು ಕಂಡು ನನ್ನ ಮೈ ಜುಮ್ಮೆಂದಿತು. ಅಜ್ಜಿ ಮಾತ್ರ ಬಾರದ ಭಾವನ ಎಲೆ ಬಿಟ್ಟು, ಸುಳ್ಳು ಹೇಳಿದ ನನ್ನ ಎಲೆ ಎತ್ತಿದಳು.