ಇನ್ನೂರಕ್ಕನ ಹಳದಿ ಪಾದಗಳು

ಕಾರ್ಖಾನೆಯ ಹಿಂದಿನ ಶೆಡ್ಡಿನಲ್ಲಿ, ಸಿಮೆಂಟು ನೆಲದ ಮೇಲೆ, ಹಳದಿ ಬಣ್ಣದಲ್ಲಿ ಎರಡು ಪಾದ ಬರೆದಿದ್ದರು. ಅವುಗಳ ಮೇಲೆ ತನ್ನ ಪಾದ ಇಟ್ಟು ನಿಂತು ಎದುರಿನ ಬಲೆಗೆ ಚೆಂಡೆಸೆಯುವುದು, ಪುಟಿದು ಬಂದದ್ದನ್ನು ಹಿಡಿಯುವುದು, ಮತ್ತೆ ಎಸೆಯುವುದು. ಹತ್ತೊಂಬತ್ತು ವರ್ಷದಿಂದ ಅವಳ ಕೆಲಸ ಇಷ್ಟೇ. ಒಂದೊಂದು ಬಲೆಗೆ ಬಲಗೈ ಮುಂದುಮಾಡಿ ನೂರು ಎಸೆತ, ಎಡಗೈ ಮುಂದುಮಾಡಿ ನೂರು. ಹಾಗಾಗಿ ಅವಳು ಎಲ್ಲರ ಬಾಯಲ್ಲೂ ಇನ್ನೂರಕ್ಕ ಆದಳು. ಸ್ವಂತ ಹೆಸರು ಸಂಬಳದ ಚೀಟಿಯ ಮೇಲೆ ಬಿಟ್ಟರೆ ಬೇರೆಲ್ಲೂ ಚಲಾವಣೆಯಲ್ಲಿರಲಿಲ್ಲ.

ಲಕ್ರಾಸ್ ಎಂಬ ಆಟ ಕಾಣದವರಿಗೆ ಎರಡು ಮಾತು ಹೇಳಿಬಿಡುತ್ತೇನೆ. ಉದ್ದನೆಯ ಕೋಲು, ಅದರ ತುದಿಗೊಂದು ಪುಟ್ಟ ಜಾಳಿಗೆ. ಗಟ್ಟಿ ರಬ್ಬರಿನ ಚೆಂಡನ್ನು ಕೈಯಲ್ಲಿ ಮುಟ್ಟುವ ಹಾಗಿಲ್ಲ. ಜಾಳಿಗೆಯಲ್ಲೇ ಹಿಡಿದು, ಜಾಳಿಗೆಯಿಂದಲೇ ಎಸೆದು, ಒಬ್ಬರಿಂದೊಬ್ಬರಿಗೆ ದಾಟಿಸುತ್ತಾ ಓಡಿ ಗೋಲು ಹೊಡೆಯಬೇಕು. ಎದುರಿಗೆ ನಿಲ್ಲಲು ಯಾರೂ ಸಿಗದವರು ಅಭ್ಯಾಸ ಮಾಡುವುದು ಹೇಗೆ? ಅದಕ್ಕೇ ಈ ಕಾರ್ಖಾನೆ ತಯಾರಿಸುವ ಬಲೆ. ಅಲ್ಯೂಮಿನಿಯಂ ಚೌಕಟ್ಟು, ಬಿಗಿಯಾಗಿ ಎಳೆದು ಕಟ್ಟಿದ ನೈಲಾನು. ಮಡಚಿದರೆ ಹೆಗಲಚೀಲದಲ್ಲಿ ಹಿಡಿಸುತ್ತದೆ, ಬಿಚ್ಚಿ ನಿಲ್ಲಿಸಿದರೆ ಎಸೆದ ಚೆಂಡನ್ನು ಎಸೆದವರಿಗೇ ತಂದೊಪ್ಪಿಸುತ್ತದೆ. ಪೆಟ್ಟಿಗೆಯ ಮೇಲೆ "ಇನ್ನು ನಿಮಗೆ ಯಾರೂ ಬೇಕಾಗಿಲ್ಲ" ಎಂದು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದರು. ಬರೆದ ಪುಣ್ಯಾತ್ಮನಿಗೆ ಅದು ಒಳ್ಳೆಯ ಸುದ್ದಿ ಅನ್ನಿಸಿರಬೇಕು.

ಶೆಡ್ಡಿನ ನಿಯಮ ಒಂದೇ: ಹಳದಿ ಪಾದ ಬಿಟ್ಟು ಅಲ್ಲಾಡಬಾರದು. ಚೆಂಡು ಅವಳ ಕಿವಿಯ ಪಕ್ಕಕ್ಕೇ ಮರಳಿ ಬಂದರೆ ಬಲೆ ಪಾಸು, ಅವಳು ಒಂದು ಹೆಜ್ಜೆ ಸರಿಯಬೇಕಾಗಿ ಬಂದರೆ ಫೇಲು. ಅವಳೇ ಕುಣಿದಾಡಿದರೆ ತಪ್ಪು ಬಲೆಯದೋ ಅವಳದೋ ಹೇಳುವವರು ಯಾರು? ಇನ್ನೂರು ಮುಗಿದ ಮೇಲೆ ತಪಾಸಣೆ ಚೀಟಿಯ ಷರಾ ಕಾಲಂನಲ್ಲಿ "ಸರಿ ಇದೆ" ಎಂದು ಬರೆದು, ಬಲೆಯ ಜೊತೆ ಪೆಟ್ಟಿಗೆಗೆ ಹಾಕಲು ಪ್ಯಾಕಿಂಗ್ ಮೇಜಿನಲ್ಲಿದ್ದ ನಾದಿನಿಯ ಕಡೆ ತಳ್ಳುತ್ತಿದ್ದಳು. ದಿನಕ್ಕೆ ಐದು ಬಲೆ, ಸಾವಿರ ಎಸೆತ. ಕಣ್ಣು ಕಟ್ಟಿದರೂ ಹಿಡಿಯುತ್ತಾಳೆ ಎಂದು ಕಾರ್ಖಾನೆ ನೋಡಲು ಬಂದವರೆದುರು ಸೂಪರ್‌ವೈಸರ್ ಜಂಬ ಕೊಚ್ಚುತ್ತಿದ್ದ. ಒಂದೆರಡು ಸಲ ಕಟ್ಟಿಸಿ ತೋರಿಸಿದ್ದೂ ಉಂಟು.

ಇಷ್ಟಾಗಿ ಅವಳು ಒಂದೇ ಒಂದು ಪಂದ್ಯ ಆಡಿದವಳಲ್ಲ. ಈ ಮಾತು ಅವಳೊಳಗೆ ಮುಳ್ಳಿನ ಹಾಗೆ ಮುರಿದು ಕೂತಿತ್ತು. ಜೀವಮಾನದಲ್ಲಿ ಒಂದು ಸಲ, ನಿಜವಾದ ಮೈದಾನದಲ್ಲಿ, ಬೆನ್ನಿಗೊಂದು ನಂಬರು ಹಾಕಿಕೊಂಡು ಆಡಬೇಕು. ಅವಳಿಗೆ ಬೇಕಾಗಿದ್ದದ್ದು ಅದೊಂದೇ.

ಹಾಗಿರುವಾಗ ಕಾರ್ಖಾನೆಯ ನೋಟಿಸ್ ಬೋರ್ಡಿಗೆ ಒಂದು ಕಾಗದ ಬಂತು. ಮೂವತ್ತೈದು ದಾಟಿದ ಹೆಂಗಸರ ಲಕ್ರಾಸ್ ತಂಡ ಕಟ್ಟುತ್ತಿದ್ದಾರೆ, ಭಾನುವಾರ ಬೆಳಿಗ್ಗೆ ಆಯ್ಕೆ. ಇನ್ನೂರಕ್ಕ ಹೆಸರು ಕೊಟ್ಟಳು. ಪೂರಾ ಹೆಸರು, ಸಂಬಳದ ಚೀಟಿಯಲ್ಲಿದ್ದದ್ದು. ಸುದ್ದಿ ಕೇಳಿ ನಾದಿನಿ ಮೂಗು ಮುರಿದಳು. ಮಂಡಿ ನೋವಿನ ಎಣ್ಣೆ ಹಚ್ಚುವವರು ಯಾರು, ನಾನಂತೂ ಹಚ್ಚಲ್ಲ ಅಂದಳು. ಗಂಡನಿಗೆ ಲಾಂಡ್ರಿಯಲ್ಲಿ ಇಸ್ತ್ರಿ ಹಾಕುವ ಕೆಲಸ. ಅವನು ಅವಳ ಟ್ರ್ಯಾಕ್ ಪ್ಯಾಂಟಿಗೆ ಮದುವೆಗೆ ಹೊರಟವರ ಪ್ಯಾಂಟಿನ ಹಾಗೆ ಗೆರೆ ಎದ್ದು ಕಾಣುವಂತೆ ಇಸ್ತ್ರಿ ಹಾಕಿಟ್ಟ. ಆಡುವ ಬಟ್ಟೆಗೆ ಗೆರೆ ಇರುವುದಿಲ್ಲ ಎಂದು ಅವನಿಗೆ ಹೇಳಲು ಅವಳಿಗೆ ಬಾಯಿ ಬರಲಿಲ್ಲ, ಹಾಗೇ ಹಾಕಿಕೊಂಡು ಹೋದಳು.

ಮೊದಲ ಅರ್ಧ ಗಂಟೆ ಅವಳದೇ. ಇಬ್ಬಿಬ್ಬರನ್ನು ಎದುರುಬದುರು ನಿಲ್ಲಿಸಿ ಎಸೆಸಿದರು. ಅವಳ ಜೊತೆಗೆ ಸಿಕ್ಕ ನರ್ಸಮ್ಮ ಎಲ್ಲೆಲ್ಲಿಗೋ ಎಸೆದರೂ ಇನ್ನೂರಕ್ಕ ಕಾಲು ಕದಲಿಸದೆ ಕೋಲು ಚಾಚಿ ಎಲ್ಲವನ್ನೂ ಹಿಡಿದಳು. ಎಡಗೈ, ಬಲಗೈ, ಬೆನ್ನ ಹಿಂದೆ. ಉಳಿದವರು ತಮ್ಮ ಎಸೆತ ನಿಲ್ಲಿಸಿ ನೋಡಲು ಶುರುಮಾಡಿದರು. ತಂಡದ ಕೋಚ್, ಎತ್ತರದ ನರೆಗೂದಲಿನ ಹೆಂಗಸು, ಹತ್ತಿರ ಬಂದು ಇಷ್ಟು ವರ್ಷ ಎಲ್ಲಿ ಬಚ್ಚಿಟ್ಟುಕೊಂಡಿದ್ದಿರಿ ಎಂದು ಕೇಳಿದಳು. ಇನ್ನೂರಕ್ಕನಿಗೆ ಎದೆ ತುಂಬಿ ಬಂತು. ಬೇಲಿಯಾಚೆ ತಮಾಷೆ ನೋಡಲು ಬಂದಿದ್ದ ನಾದಿನಿಯ ಕಡೆ ಒಮ್ಮೆ ಕತ್ತು ತಿರುಗಿಸಿದಳು.

ಆಮೇಲೆ ಎರಡು ಗುಂಪು ಮಾಡಿ ಆಟಕ್ಕೆ ಬಿಟ್ಟರು.

ಚೆಂಡು ಬಂತು, ಹಿಡಿದಳು. ಇಪ್ಪತ್ತು ಮಾರು ದೂರದಲ್ಲಿದ್ದ ನರ್ಸಮ್ಮನ ಜಾಳಿಗೆಗೆ ಸೂಜಿಗೆ ದಾರ ಹಾಕಿದ ಹಾಗೆ ಕಳಿಸಿದಳು. ಕಳಿಸಿ, ಕೋಲನ್ನು ಕಿವಿಯ ಪಕ್ಕಕ್ಕೆ ಎತ್ತಿ ಹಿಡಿದು, ಕಾಯುತ್ತಾ ನಿಂತಳು. ಚೆಂಡು ಮರಳಿ ಬರಲಿಲ್ಲ. ಯಾಕೆ ಬರಬೇಕು? ನರ್ಸಮ್ಮ ಅದನ್ನು ತೆಗೆದುಕೊಂಡು ಓಡಿದಳು, ಮುಂದೆ ಇನ್ನೊಬ್ಬಳಿಗೆ ಕೊಟ್ಟಳು, ಆಟ ಮೈದಾನದ ಆ ತುದಿಗೆ ಹೋಯಿತು. ಇವಳು ನೆಟ್ಟ ಕಂಬದ ಹಾಗೆ ಇದ್ದಲ್ಲೇ ಇದ್ದಳು. ಓಡಿ ಅಕ್ಕಾ ಎಂದು ಯಾರೋ ಕೂಗಿದ ಮೇಲೆ ಓಡಿದಳು, ಅಷ್ಟರಲ್ಲಿ ಆಟ ಈ ಕಡೆಗೆ ತಿರುಗಿತ್ತು.

ಎರಡನೆಯ ಸಲ ತನಗೆ ತಾನೇ ಹೇಳಿಕೊಂಡಳು, ನಿಲ್ಲಬಾರದು ಎಂದು. ಚೆಂಡು ಜಾಳಿಗೆ ಬಿಟ್ಟಿತು, ಕಾಲು ನಿಂತಿತು. ಹತ್ತೊಂಬತ್ತು ವರ್ಷ ಕಾಲಿಗೆ ಒಂದೇ ಪಾಠ ಆಗಿತ್ತು, ಅದು ಅದನ್ನು ಚಾಚೂ ತಪ್ಪದೆ ಒಪ್ಪಿಸಿತು. ಏಳು ಸಲ ಎಸೆದಳು, ಏಳು ಸಲವೂ ನಿಂತಳು. ಕೊನೆಗೆ ಎದುರು ಗುಂಪಿನವರು ಅವಳಿಗೆ ಅಡ್ಡ ನಿಲ್ಲುವುದನ್ನೇ ಬಿಟ್ಟರು. ಎಸೆದಾದ ಮೇಲೆ ಅವಳು ಲೆಕ್ಕಕ್ಕಿಲ್ಲ ಎಂದು ಅವರಿಗೆ ತಿಳಿದುಹೋಗಿತ್ತು. ಬೇಲಿಯಾಚೆ ನಾದಿನಿ ನಗಲಿಲ್ಲ. ನಕ್ಕಿದ್ದರೆ ಬೈದು ಹಗುರಾಗಬಹುದಿತ್ತು.

ಕೋಚ್ ಕೆಟ್ಟವಳಲ್ಲ. ಪಕ್ಕಕ್ಕೆ ಕರೆದು ನೀರು ಕೊಟ್ಟಳು. ಎಸೆದ ತಕ್ಷಣ ನಾಲ್ಕು ಹೆಜ್ಜೆ ಎಡಕ್ಕೆ ಓಡಬೇಕು, ಹೀಗೆ ಎಂದು ತಾನೇ ಓಡಿ ತೋರಿಸಿದಳು. ಆಮೇಲೆ ಹೇಳಿದಳು: "ನಿಮ್ಮ ಕೈಗೆ ಕಲಿಸೋದು ಏನೂ ಇಲ್ಲ. ಕಾಲಿಗೆ ಕಲಿಸೋಕೆ ನನ್ನ ಹತ್ರ ಟೈಮ್ ಇಲ್ಲ."

ಇನ್ನೂರಕ್ಕ ತಲೆಯಾಡಿಸಿದಳು. ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಕೋಚ್‌ಗೆ ಅವಳನ್ನು ಬರಿಗೈಯಲ್ಲಿ ಕಳಿಸಲು ಮನಸ್ಸಾಗಲಿಲ್ಲ. ತಂಡದ ಹಳೇ ಬಲೆ ಹರಿದುಹೋಗಿದೆಯಂತೆ. ವಾರಕ್ಕೆರಡು ದಿನ ಬಂದು, ಒಂದು ಕಡೆ ನಿಂತು, ಆಟಗಾರ್ತಿಯರು ಎಸೆದ ಚೆಂಡನ್ನು ಅವರಿಗೇ ವಾಪಸು ಎಸೆದುಕೊಟ್ಟರೆ ದೊಡ್ಡ ಉಪಕಾರವಾಗುತ್ತದೆಯಂತೆ. ಕೋಚ್ ಇದನ್ನೆಲ್ಲ ಮರ್ಯಾದೆ ಎಂದು ತಿಳಿದೇ ಹೇಳಿದಳು.

ಇನ್ನೂರಕ್ಕ ಲೋಟ ಕೆಳಗಿಟ್ಟಳು. "ಬಲೇನೇ ತರಿಸ್ಕೊಳ್ಳಿ. ಅದಕ್ಕಾದ್ರೆ ಆಡ್ಬೇಕು ಅಂತ ಆಸೆ ಇರಲ್ಲ."

ಮನೆಗೆ ಬಂದಾಗ ಗಂಡ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಪ್ಯಾಂಟಿನ ಗೆರೆ ಇನ್ನೂ ನೆಟ್ಟಗೇ ಇತ್ತು. ಅದು ಅವನಿಗೂ ಕಂಡಿರಬೇಕು.

ಬುಧವಾರ ಆ ತಂಡದ ವಿಳಾಸಕ್ಕೇ ಕಳಿಸಬೇಕಾದ ಒಂದು ಬಲೆಯ ಆರ್ಡರು ಬಂತು. ಇನ್ನೂರಕ್ಕ ಅದನ್ನು ನಿಲ್ಲಿಸಿ, ಹಳದಿ ಪಾದಗಳ ಮೇಲೆ ನಿಂತು ನೂರತೊಂಬತ್ತೊಂಬತ್ತು ಎಸೆದಳು. ಬಲೆ ಅಪ್ಪಟ ಚಿನ್ನ. ಇನ್ನೂರನೆಯದನ್ನು ಎಸೆದವಳೇ, ನಾಲ್ಕು ಹೆಜ್ಜೆ ಎಡಕ್ಕೆ ಓಡಿದಳು. ಆ ಶೆಡ್ಡಿನಲ್ಲಿ ಅವಳು ಓಡಿದ್ದು ಅದೇ ಮೊದಲು. ಚೆಂಡು ನಿಯತ್ತಾಗಿ ಹಳದಿ ಪಾದಗಳ ಮೇಲಕ್ಕೇ, ಕಿವಿಯ ಎತ್ತರಕ್ಕೇ ಮರಳಿ ಬಂತು. ಅಲ್ಲಿ ಯಾರೂ ಇರಲಿಲ್ಲ. ನೇರ ಹೋಗಿ ಹಿಂದಿನ ತಗಡಿನ ಬೀರುವಿಗೆ ಬಡಿಯಿತು.

ಸದ್ದಿಗೆ ಸೂಪರ್‌ವೈಸರ್ ಓಡಿಬಂದ. ನೆಲದ ಕಡೆ ಬೆರಳು ತೋರಿಸಿ, ಇದನ್ನು ಚಂದಕ್ಕೆ ಬರೆಸಿದ್ದೇವಾ ಎಂದು ಗದರಿದ. ಆ ಒಂದನ್ನು ಮತ್ತೆ ಎಸೆಸಿದ. ಎಸೆದಳು, ಹಿಡಿದಳು. ಚೀಟಿಯ ಷರಾ ಕಾಲಂನಲ್ಲಿ ಬರೆದಳು: ಎಸೆದ ಮೇಲೆ ನಿಲ್ಲಬೇಡಿ, ಓಡಿ.

ಸೂಪರ್‌ವೈಸರ್ ಓದಿ ಅದನ್ನು ಹರಿದು ಜೇಬಿಗೆ ಹಾಕಿಕೊಂಡ. ಇದನ್ನು ನೋಡಿದವರು ಬಲೆಯಲ್ಲೇ ಏನೋ ಐಬಿದೆ ಅಂದುಕೊಳ್ಳುತ್ತಾರೆ ಅಂದ. ಹೊಸ ಚೀಟಿ ಮುಂದಿಟ್ಟ. ನಾದಿನಿ ಟೇಪು ಹಿಡಿದು ಕಾಯುತ್ತಿದ್ದಳು.

ಇನ್ನೂರಕ್ಕ "ಸರಿ ಇದೆ" ಎಂದು ಬರೆದಳು. ಕೈ ಅಕ್ಷರಗಳನ್ನು ಎಂದಿನ ಹಾಗೇ ದುಂಡಗೆ ಇಳಿಸಿತು. ಅದಕ್ಕೆ ಕಲಿಸುವುದು ಏನೂ ಉಳಿದಿರಲಿಲ್ಲವಲ್ಲ.